ಗುಂಡಗೆ ನಿಂತ ಹನಿ

ಎಣ್ಣೆ ಮುಗಿಯುತ್ತ ಬಂದಿದೆ ಎಂಬುದು ನಮಗೆ ತಿಳಿದದ್ದು ಸೀಸೆ ನೋಡಿ ಅಲ್ಲ, ಇಮೇಲ್ ನೋಡಿ. ಸೀಸೆಯ ತಳದಲ್ಲಿ ಇನ್ನೂ ಅಷ್ಟಿಷ್ಟು ಜೇನಿನ ಬಣ್ಣದ್ದು ಉಳಿದಿತ್ತು. ಆದರೆ ಅದನ್ನು ತಯಾರಿಸುವ ಪರದೇಶದ ಕಂಪನಿಗೆ ಎಷ್ಟು ಸಲ ಬರೆದರೂ "ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ" ಎಂಬ ಒಂದೇ ಸಾಲು ತಿರುಗಿ ಬರುತ್ತಿತ್ತು. ಬರಬರುತ್ತ ಆ ಸಾಲಿನ ಕೆಳಗೆ ಮನುಷ್ಯರ ಹೆಸರು ಬರುವುದೂ ನಿಂತುಹೋಯಿತು. ಈಗ ಯಂತ್ರಗಳೇ ನಮಗೆ ಇಲ್ಲ ಅನ್ನಲಿಕ್ಕೆ ಕಲಿತಿವೆ ಎಂದು ಮನೆಯಲ್ಲಿ ಹೇಳಿಕೊಂಡು ನಕ್ಕೆ. ಆ ನಗು ಬಹಳ ದಿನ ಬಾಳಲಿಲ್ಲ.

ಎಂಥ ಎಣ್ಣೆ ಅಂತೀರಿ? ಹೇಳುತ್ತೇನೆ. ಹೆಲಿಕಾಪ್ಟರ್ ನಡೆಸುವವನ ಎದುರಿಗೆ ಒಂದು ದುಂಡನೆಯ ಉಪಕರಣ ಇರುತ್ತದೆ. ಅದರ ಮೇಲರ್ಧ ಆಕಾಶ, ಕೆಳಗಿನರ್ಧ ನೆಲ, ನಡುವೆ ಒಂದು ಗೆರೆ. ಹೆಲಿಕಾಪ್ಟರ್ ಎತ್ತ ವಾಲಿದರೂ ಆ ಗೆರೆ ಮಾತ್ರ ನಿಜವಾದ ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಒಳಗೆ ನಿಂಬೆಹಣ್ಣಿನಷ್ಟು ದಪ್ಪದ ಒಂದು ಉಕ್ಕಿನ ಚಕ್ರ ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಸುತ್ತುತ್ತಿರುತ್ತದೆ, ಅದರ ಬಲದಿಂದ. ಆ ಚಕ್ರ ಕೂತಿರುವುದು ಎರಡು ಸಣ್ಣ ಬೇರಿಂಗುಗಳ ಮೇಲೆ. ಒಂದೊಂದು ಬೇರಿಂಗಿಗೆ ಒಂದು ಹನಿಗಿಂತ ಕಡಿಮೆ ಎಣ್ಣೆ. ಮುಂದಿನ ರಿಪೇರಿಯವರೆಗೆ ಅದರ ಆಯುಷ್ಯಕ್ಕೆಲ್ಲ ಅಷ್ಟೇ. ಹೈದರಾಬಾದಿನ ಹೊರವಲಯದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಈ ಉಪಕರಣಗಳನ್ನು ಬಿಚ್ಚಿ, ತೊಳೆದು, ಹೊಸದಾಗಿ ಜೋಡಿಸುತ್ತೇವೆ. ಆ ಹನಿ ಇಡುವ ಧೂಳಿಲ್ಲದ ಕೋಣೆಯ ಜವಾಬ್ದಾರಿ ನನ್ನದು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಪೈಲಟ್ ನಮ್ಮಲ್ಲಿಗೆ ಬಂದರು. ಹಿಮಾಲಯದ ಮೇಲಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಔಷಧಿ ಒಯ್ಯುವುದು, ಬರುವಾಗ ಕಾಯಿಲೆ ಬಿದ್ದವರನ್ನು ಇಳಿಸಿಕೊಂಡು ಬರುವುದು ಅವರ ಕೆಲಸ. ನಾನು ಸುತ್ತುತ್ತಿದ್ದ ಒಂದು ಚಕ್ರವನ್ನು ಚೌಕಟ್ಟಿನ ಸಮೇತ ಅವರ ಕೈಗೆ ಕೊಟ್ಟು, ಓರೆ ಮಾಡಿ ನೋಡಿ ಎಂದೆ. ಅಷ್ಟು ಗಟ್ಟಿ ಆಳು, ಅವರ ಮಣಿಕಟ್ಟನ್ನೇ ಅದು ತಳ್ಳಿತು. ಅವರು ಮಗುವಿನಂತೆ ಬಾಯಿ ತೆರೆದು ನೋಡಿದರು. ಆಮೇಲೆ ಹಿಂದಿಯಲ್ಲಿ ಒಂದು ಮಾತು ಹೇಳಿದರು. ಮೋಡದೊಳಗೆ ಹೊಕ್ಕರೆ ಕಿವಿ ಸುಳ್ಳು ಹೇಳುತ್ತದೆ, ಹೊಟ್ಟೆ ಸುಳ್ಳು ಹೇಳುತ್ತದೆ. ಮಗ್ಗುಲಾಗಿ ಬೀಳುತ್ತಿದ್ದರೂ ನೆಟ್ಟಗೆ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಆಗ ನಾನು ನನ್ನನ್ನು ನಂಬುವುದಿಲ್ಲ, ಇದೊಂದನ್ನೇ ನಂಬುತ್ತೇನೆ, ಎಂದು.

ಅವರ ತುಕಡಿಯ ಉಪಕರಣಗಳೆಲ್ಲ ಸವೆದು ನಮ್ಮಲ್ಲಿಗೆ ಬಂದಿದ್ದವು. ಹಿಮ ಬಿದ್ದು ರಸ್ತೆ ಮುಚ್ಚುವ ಮೊದಲು ಅವು ತಿರುಗಿ ಹೋಗಬೇಕು. ಹೋಗದಿದ್ದರೆ ಹೆಲಿಕಾಪ್ಟರ್ ಬರೀ ತಿಳಿಯಾದ ಆಕಾಶದಲ್ಲಿ ಮಾತ್ರ ಹಾರಬೇಕು. ಚಳಿಗಾಲದಲ್ಲಿ ಅಲ್ಲಿ ತಿಳಿಯಾದ ಆಕಾಶ ಅಪರೂಪ. ಮೇಲೆ ಉಸಿರು ಕಟ್ಟಿದವನು ಆಕಾಶ ತಿಳಿಯಾಗುವವರೆಗೆ ಕಾಯಬೇಕು.

ಒಂದು ಕಾಲಕ್ಕೆ ಈ ಎಣ್ಣೆಯನ್ನು ಬೇರೆ ಬೇರೆ ದೇಶಗಳ ಮೂರು ಕಂಪನಿಗಳು ಮಾಡುತ್ತಿದ್ದವಂತೆ. ಒಂದು ಉಳಿದೆರಡನ್ನು ಕೊಂಡುಕೊಂಡಿತು, ಕೊಂಡು ಮುಚ್ಚಿತು. ಈಗ ಉಳಿದದ್ದು ಒಂದು ಕಂಪನಿ, ಅದಕ್ಕೆ ಒಂದು ಸರ್ಕಾರ, ಆ ಸರ್ಕಾರದ ಒಂದು ಪರವಾನಗಿ. ನಮ್ಮ ದೇಶ ಯಾವುದೋ ಜಾಗತಿಕ ಸಭೆಯಲ್ಲಿ ಕೈ ಎತ್ತಬೇಕಾದಾಗ ಎತ್ತಲಿಲ್ಲವೋ, ಎತ್ತಬಾರದ ಕಡೆ ಎತ್ತಿತೋ, ನಮಗೇನು ಗೊತ್ತು! ದೊಡ್ಡವರು ಮೇಜಿನ ಮೇಲೆ ಹೂವು ಬದಲಾಯಿಸಿಕೊಂಡು ನಗುತ್ತಿರುವುದು ಟೀವಿಯಲ್ಲಿ ಕಾಣುತ್ತಿತ್ತು. ನಮ್ಮ ಸೀಸೆ ಮಾತ್ರ ತುಂಬಲಿಲ್ಲ. ಸಾವಿರಾರು ಮೈಲಿ ಆಚೆಯ ಮನಸ್ತಾಪ ಬಂದು ಸೂಜಿಯ ಮೊನೆಯಷ್ಟು ಜಾಗದಲ್ಲಿ ಕೂತಿತ್ತಲ್ಲ ಎಂದು ನನಗೆ ಈಗಲೂ ಬೆರಗು.

ಇದೆಲ್ಲ ಆಗಬಹುದೆಂದು ನಮ್ಮ ಯಜಮಾನರಿಗೆ ವಾಸನೆ ಹತ್ತಿತ್ತು. ಅವರು ತೆಲುಗಿನವರು, ಕಾರ್ಖಾನೆಯಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಹೈದರಾಬಾದಿನದೇ ತಾರ್ನಾಕದಲ್ಲಿದ್ದ ಒಬ್ಬ ನಿವೃತ್ತ ರಸಾಯನ ವಿಜ್ಞಾನಿಯನ್ನು ಹಿಡಿದು ಹೊಸ ಎಣ್ಣೆಗೆ ಹಚ್ಚಿದ್ದರು. ನಾವು ಆಕೆಯನ್ನು ಮೇಡಂ ಎನ್ನುತ್ತಿದ್ದೆವು. ಬಟ್ಟಿ ಇಳಿಸಿ, ಸೋಸಿ, ಮತ್ತೆ ಬಟ್ಟಿ ಇಳಿಸಿ, ಬೇಡವೆಂದು ಚೆಲ್ಲಿ, ಮತ್ತೆ ಮಾಡಿ, ಕೊನೆಗೆ ಆಕೆ ತಂದ ಎಣ್ಣೆಯನ್ನು ನಾವು ಪರೀಕ್ಷೆಗೆ ಹಾಕಿದೆವು.

ಆ ಪರೀಕ್ಷೆ ನೋಡಬೇಕು ನೀವು. ಚಕ್ರವನ್ನು ಪೂರ್ತಿ ವೇಗಕ್ಕೆ ಏರಿಸಿ ವಿದ್ಯುತ್ ಕಡಿದುಬಿಡುತ್ತೇವೆ. ಅಲ್ಲಿಂದ ಮುಂದೆ ಅದನ್ನು ಯಾರೂ ದೂಡುವುದಿಲ್ಲ. ತಾನಾಗಿ ಎಷ್ಟು ಹೊತ್ತು ಸುತ್ತಿ ನಿಲ್ಲುತ್ತದೆ ಎಂಬುದರ ಮೇಲೆ ಬೇರಿಂಗಿನ ಆರೋಗ್ಯ ಗೊತ್ತಾಗುತ್ತದೆ. ಮೊದಲು ಸಿಳ್ಳೆ, ಆಮೇಲೆ ತಂಬೂರಿಯಂಥ ಗುಂಯ್‌ಗುಟ್ಟುವಿಕೆ, ಆಮೇಲೆ ಶಬ್ದವೇ ಇಲ್ಲದೆ ಬರೀ ಹೊಳಪು. ಮೇಡಂ ಎಣ್ಣೆ ಹಾಕಿದ ಚಕ್ರ ಹಾಗೆ ಸುತ್ತಿತು, ಬೇಕಾದ್ದಕ್ಕಿಂತ ಬಹಳ ಹೊತ್ತು ಸುತ್ತಿತು.

ಆದರೆ ರಿಪೇರಿಯ ನಿಯಮದ ಕಾಗದದಲ್ಲಿ ಎಣ್ಣೆ ಹೇಗಿರಬೇಕು ಎಂದು ಬರೆದಿರಲಿಲ್ಲ. ಪರದೇಶದ ಆ ಎಣ್ಣೆಯ ಹೆಸರೇ ಬರೆದಿತ್ತು. ಹೆಸರು ಬದಲಾಯಿಸಲು ದೆಹಲಿಯ ಸಮಿತಿ ಒಪ್ಪಬೇಕು. ಸಮಿತಿ ನಮಗೆ ವೀಡಿಯೊದಲ್ಲಿ ದರ್ಶನ ಕೊಟ್ಟು ಕೇಳಿದ್ದೇನು ಗೊತ್ತೇ? ಬದಲಿ ಎಣ್ಣೆ ಬಳಸಲು ನಮ್ಮ ಅಭ್ಯಂತರವಿಲ್ಲ ಎಂದು ಮೂಲ ಎಣ್ಣೆಯ ಕಂಪನಿಯಿಂದ ಪತ್ರ ತನ್ನಿ!

"ಸವತೀನ ತರಾಕ ಹೆಂಡ್ತಿ ಕಡಿಂದ ಚೀಟಿ ಬರಸ್ಕೊಂಡು ಬರ್ರಿ ಅಂದಂಗಾತಲ್ಲರಿ ಇದು," ಎಂದರು ಪಕ್ಕದಲ್ಲಿ ಕೂತಿದ್ದ ಸಾಹೇಬರು. ಪುಣ್ಯಕ್ಕೆ ಮೈಕ್ ಬಂದ್ ಇತ್ತು.

ಸಾಹೇಬರೆಂದರೆ ಸರ್ಕಾರದ ಕಡೆಯಿಂದ ನಮ್ಮ ಕೆಲಸ ಪರೀಕ್ಷಿಸುವ ಅಧಿಕಾರಿ. ವಿಜಯಪುರದ ಕಡೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತು. ಅವರು ಪಾಸು ಮಾಡಿ ಸೀಸದ ಮುದ್ರೆ ಒತ್ತಿದ ಪೆಟ್ಟಿಗೆಯನ್ನು ಬೇರೆ ಯಾರೂ ತೆರೆಯುವಂತಿಲ್ಲ. ಒಂದು ಸ್ಕ್ರೂ ಕಾಲು ಸುತ್ತು ಸಡಿಲ ಕಂಡರೆ ಇಡೀ ದಿನದ ಕೆಲಸ ವಾಪಸು ಕಳಿಸುವ ಆಸಾಮಿ. ಅವರ ಕಾರು ಗೇಟಿನಲ್ಲಿ ಕಂಡರೆ ನಮ್ಮ ಹುಡುಗಿಯರು "ಬಂತ್ ನೋಡ್ರಿ ಶನಿವಾರ" ಅನ್ನುತ್ತಿದ್ದರು, ಅಂದು ಯಾವ ವಾರವೇ ಇರಲಿ.

ಅಲ್ಲಿಗೆ ಒಂದು ಲೆಕ್ಕ ಹಾಕಿದೆವು. ಉಳಿದ ಪರದೇಶದ ಎಣ್ಣೆಯಲ್ಲಿ ಆಗುವಷ್ಟು ಉಪಕರಣ ಮುಗಿಸಿ ಮುದ್ರೆ ಹಾಕಿಸುವುದು. ಉಳಿದವನ್ನು ಹೊಸ ಎಣ್ಣೆಯಲ್ಲಿ ಜೋಡಿಸಿಟ್ಟು, ಅನುಮತಿಗೆ ಹೋರಾಡುವುದು.

ನಡುವೆ ದಸರಾ ಬಂತು. ಪ್ರತಿ ವರ್ಷ ಆಯುಧ ಪೂಜೆಯ ಮುಂಚಿನ ದಿನವೇ ಕೋಣೆಯ ಸಾಮಾನೆಲ್ಲ ಡಬ್ಬಿ ಸೇರಿ ಕೆಲಸ ನಿಲ್ಲುತ್ತಿತ್ತು. ಕೋಣೆಗೆ ಗಾಳಿ ಸೋಸಿ ತಳ್ಳುವ ದೊಡ್ಡ ಬ್ಲೋವರ್ ಕೂಡ ಬಂದ್ ಆಗುತ್ತಿತ್ತು. ಹಬ್ಬ ಮುಗಿದ ಮೇಲೆ ಗೋಡೆಯಿಂದ ನೆಲದವರೆಗೆ ಒರೆಸಿ ಮತ್ತೆ ಆರಂಭ. ಆ ವರ್ಷ ಯಜಮಾನರು ತೆಲುಗಿನಲ್ಲಿ "ಈಸಾರಿ ಪಂಡುಗ ಲೇದಮ್ಮಾ" ಅಂದರು, ಈ ಸಲ ಹಬ್ಬವಿಲ್ಲ ಎಂದು. ನಾನೂ ಹೂಂ ಅಂದೆ. ಕೋಣೆ ನಿಲ್ಲಲಿಲ್ಲ. ಹೊರಗೆ ಲೇತ್ ಯಂತ್ರಗಳಿಗೆ ಕುಂಕುಮ, ಬೂದುಗುಂಬಳ. ಒಳಗೆ ನಾವು ಬಿಳಿ ಗೌನು ತೊಟ್ಟು ಸೂಜಿ ಹಿಡಿದು ಕೂತಿದ್ದೆವು. ಮಧ್ಯಾಹ್ನ ಹೊರಗೆ ಬಂದು ಹೋಳಿಗೆ ತಿಂದು, ಕೈ ತೊಳೆದು, ಮತ್ತೆ ಒಳಗೆ.

ಪರದೇಶದ ಎಣ್ಣೆಯವು ಪಾಸಾದವು. ಸಾಹೇಬರು ಮುದ್ರೆ ಒತ್ತಿದರು. ಇನ್ನು ಹೊಸ ಎಣ್ಣೆಯವು. ಮೊದಲನೆಯ ಚಕ್ರದ ವಿದ್ಯುತ್ ಕಡಿದೆವು. ಸಿಳ್ಳೆ ಬಂತು. ತಂಬೂರಿ ಬರಲಿಲ್ಲ. ಜಲ್ಲಿ ತುಳಿದಂಥ ಒಂದು ಸದ್ದು ಬಂತು, ಚಕ್ರ ಬೇಗ ನಿಂತುಬಿಟ್ಟಿತು. ಎರಡನೆಯದೂ ಹಾಗೇ.

ಮೇಡಂ ಅವರ ಮುಖ ನೋಡಲಾಗಲಿಲ್ಲ. ಸಾಹೇಬರು ಪೆನ್ನು ಮುಚ್ಚಿದರು. ಹೊಸ ಎಣ್ಣೆ ಸೋತಿತು ಎಂದು ಬರೆಯಲು ಅವರಿಗೆ ಅಷ್ಟು ಸಾಕಿತ್ತು. ಬರೆಯಲಿಲ್ಲ.

"ಹ್ವಾದ ತಿಂಗಳ ಓಡಿದ್ದ ಎಣ್ಣಿ, ಈ ತಿಂಗಳ ಯಾಕ ಕುಂತಿತು?" ಎಂದರು. "ಎಣ್ಣಿಗೇನ್ ವಯಸ್ಸಾತೇನು? ಕಾರಣ ಹುಡುಕ್ರಿ. ಕಾರಣ ಇಲ್ಲದ್ದು ನಾ ಪಾಸೂ ಮಾಡಂಗಿಲ್ಲ, ಫೇಲೂ ಮಾಡಂಗಿಲ್ಲ."

ಮೇಡಂ ನನ್ನ ಕಡೆ ತಿರುಗಿ, ತಟ್ಟೆಯಲ್ಲಿ ಉಳಿದಿರುವ ತೊಳೆದ ಬೇರಿಂಗ್ ಉಂಗುರವೊಂದನ್ನು ತನ್ನಿ ಎಂದರು. ಅದರ ಮೇಲೆ ತಮ್ಮ ಎಣ್ಣೆಯ ಒಂದು ಹನಿ ಇಟ್ಟರು. ಎಣ್ಣೆ ಉಕ್ಕಿನ ಮೇಲೆ ಬಿದ್ದರೆ ಹರಡಬೇಕು. ಕಣ್ಣಿಗೆ ಕಾಣದ ಪದರವಾಗಿ ಮೂಲೆಮೂಲೆಗೆ ಹೋಗಬೇಕು. ಈ ಹನಿ ಹರಡಲಿಲ್ಲ. ತಾವರೆ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ, ಮುತ್ತಿನಂತೆ ನಿಂತಿತು. ಮೇಡಂ ಅದನ್ನು ಬಹಳ ಹೊತ್ತು ನೋಡಿ, "ಈಗ ಅವರದ್ದು ಇಡಿ" ಅಂದರು. ಪರದೇಶದ ಸೀಸೆಯ ಗೋಡೆಗೆ ಅಂಟಿದ್ದನ್ನು ಸೂಜಿಯಲ್ಲಿ ಬಳಿದು ಇಟ್ಟೆ.

ಅದೂ ಗುಂಡಗೆ ನಿಂತಿತು.

ಅಂದರೆ ತಪ್ಪು ಎಣ್ಣೆಯದಲ್ಲ. ಉಕ್ಕಿನ ಮೇಲೆ ಏನೋ ಕೂತಿದೆ. ಏನದು? ಸೋಸಿದ ಗಾಳಿಯ ಕೋಣೆ, ಗೌನು, ಟೋಪಿ, ಕೈಗವಸು. ತೊಳೆಯುವ ದ್ರಾವಣ ನೋಡಿದೆವು, ಒಣಗಿಸುವ ಒಲೆ ನೋಡಿದೆವು, ಡಬ್ಬಿಯ ಮುಚ್ಚಳ ನೋಡಿದೆವು. ಕೊನೆಗೆ ಗಾಳಿಯೇ ಉಳಿಯಿತು. ಕಾರ್ಖಾನೆಯ ಹಿಂದೆ ಬ್ಲೋವರ್ ಕೋಣೆಗೆ ಹೋದೆವು. ಅದನ್ನು ನೋಡಿಕೊಳ್ಳುವವನು ಯಾದಗಿರಿಯ ಕಡೆಯವನು. ಎಲ್ಲರ ಬಾಯಲ್ಲಿ ಅವನು ಗಾಳಿ ಮೇಸ್ತ್ರಿ. ಒಳಗೆ ಹೆಜ್ಜೆ ಇಟ್ಟ ಕೂಡಲೇ ನನ್ನ ಮೂಗಿಗೆ ಬಂತು. ಲೋಬಾನ, ಸಾಂಬ್ರಾಣಿಯಂಥ ಧೂಪದ ವಾಸನೆ.

ಬ್ಲೋವರ್ ಗಾಳಿ ಎಳೆದುಕೊಳ್ಳುವ ಜಾಲರಿಗೆ ಅರಿಶಿನ ಕುಂಕುಮ, ಬಾಡಿದ ಚೆಂಡು ಹೂವಿನ ಮಾಲೆ. ಕೆಳಗೆ ಬೂದಿ ತುಂಬಿದ ದೊಡ್ಡ ಧೂಪದ ಬಟ್ಟಲು.

"ಮೇಸ್ತ್ರಿ, ಇಲ್ಲೇ ಧೂಪ ಹಾಕಿದ್ಯಾ?" ಎಂದೆ.

"ಹೌದ್ರಿ ಅಕ್ಕಾರ, ಪೂಜಿ ದಿನಾ. ವರ್ಷಾ ಮಾಡ್ತೀನಲ್ರಿ."

"ವರ್ಷಾ ಬ್ಲೋವರ್ ಬಂದ್ ಇರ್ತಿತ್ತಲ್ಲೋ."

"ಈ ಸಲ ಚಾಲೂ ಇಡಂದ್ರು, ಇಟ್ಟೆ. ನೀವೆಲ್ಲಾ ಹಬ್ಬಾ ಬಿಟ್ಟು ಮಾರಿ ಸಣ್ಣ ಮಾಡ್ಕೊಂಡು ಕುಂತಿದ್ರಿ. ನಿಮ್ ಕೆಲಸಾ ಕೂಡ್ಲಿ ಅಂತ ಒಂದ್ ಹಿಡಿ ಹೆಚ್ಚಿಗೇನ ಹಾಕೀನ್ರಿ. ಹೊಗಿ ಅಂತೂ ಹಾಂಗ ಸೊರ್ ಅಂತ ಒಳಗ ಹೋತು ನೋಡ್ರಿ, ತಾಯಿ ತಗೊಂಡ್ಲು ಅಂತ ಖುಷಿ ಆತು."

ನಾನು ಯಾರನ್ನು ಬೈಯಲಿ? ಗಾಳಿ ಸೋಸುವ ನಮ್ಮ ಜಾಳಿಗೆಗಳು ಧೂಳಿನ ಕಣ ಹಿಡಿಯುತ್ತವೆ. ಲೋಬಾನ ಕರಗಿ ಎದ್ದ ಅಂಟಿನ ಆವಿಯನ್ನು ಹಿಡಿಯುವುದಿಲ್ಲ. ಅದು ಒಳಗೆ ಬಂದು, ತಣ್ಣಗಿನ ಉಕ್ಕಿನ ಮೇಲೆ ಕಾಣದ ಹಾಗೆ ಕೂತಿತ್ತು. ಅವನು ನಮಗಾಗಿ ಬೇಡಿಕೊಂಡದ್ದೇ ನಮ್ಮ ಬೇರಿಂಗಿನ ಮೇಲೆ ಇಳಿದಿತ್ತು. ಮೇಸ್ತ್ರಿಗೆ ವಿಷಯ ತಿಳಿಸಿದಾಗ ಅವನು ಕಣ್ಣು ತುಂಬಿಕೊಂಡ. ಸಾಹೇಬರು ಅವನ ಭುಜ ಮುಟ್ಟಿ, "ಏ ಮಾರಾಯಾ, ಹಬ್ಬದ ದಿನಾ ಯಂತ್ರ ಚಾಲೂ ಇಡ್ಸಿದವ್ರು ನಾವು. ನೀ ಯಾಕ ಅಳ್ತಿ?" ಎಂದರು.

ನಿಜವಾದ ಪೆಟ್ಟು ನೆನಪಾದದ್ದು ಆಮೇಲೆ. ಮುದ್ರೆ ಬಿದ್ದ ಪೆಟ್ಟಿಗೆಗಳೂ ಅದೇ ದಿನಗಳ ಜೋಡಣೆಯವು.

ಯಜಮಾನರು ಕುರ್ಚಿಯ ತುದಿಗೆ ಕೂತು, ಅವು ಪಾಸಾಗಿವೆಯಲ್ಲ ಎಂದರು. ಪಾಸಾಗಿದ್ದವು, ಸುಳ್ಳಲ್ಲ. ಮೇಡಂ ಮೆಲ್ಲಗೆ ಹೇಳಿದರು: ಮೊದಲು ಜೋಡಿಸಿದವುಗಳ ಮೇಲೆ ಅಂಟು ಇನ್ನೂ ತೆಳ್ಳಗೆ ಕೂತಿರಬೇಕು, ಎಣ್ಣೆ ಹೊಸದಾಗಿ ಇಟ್ಟಾಗ ಸ್ವಲ್ಪ ಕಾಲ ಹೇಗೋ ನಡೆಯುತ್ತದೆ, ಆದರೆ ಮೇಲಿನ ಚಳಿಯಲ್ಲಿ, ಗಂಟೆಗಟ್ಟಲೆ ಸುತ್ತಿದ ಮೇಲೆ, ಗುಂಡಗೆ ನಿಂತ ಹನಿ ಒಂದು ಕಡೆ ಸರಿಯುತ್ತದೆ, ಉಕ್ಕು ಉಕ್ಕನ್ನು ತಿನ್ನುತ್ತದೆ. ಯಾವಾಗ ಎಂದು ಹೇಳಲಾರೆ.

ಯಜಮಾನರು ನನ್ನನ್ನು ನೋಡಿದರು. "ಏಂ ಚೇದ್ದಾಂ ಅಮ್ಮಾ?" ಏನು ಮಾಡೋಣ ಎಂದು. ಅವರ ದನಿಯಲ್ಲಿ ಮೋಸವಿರಲಿಲ್ಲ, ಭಯವಿತ್ತು. ಪೆಟ್ಟಿಗೆ ತೆರೆದು ತೊಳೆದರೆ ಪರದೇಶದ ಕೊನೆಯ ಎಣ್ಣೆ ಮೋರಿಗೆ ಹೋಗುತ್ತದೆ. ಆಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಯಾರೂ ಒಪ್ಪದ ಎಣ್ಣೆ ಮಾತ್ರ. ಹಿಮ ಬೀಳುವುದು ಯಾರ ಅನುಮತಿಗೂ ಕಾಯುವುದಿಲ್ಲ. ತೆರೆಯದಿದ್ದರೆ, ಒಂದಷ್ಟು ಉಪಕರಣವಾದರೂ ನಾಳೆಯೇ ಹೊರಡುತ್ತದೆ.

ನನ್ನ ಕಣ್ಣ ಮುಂದೆ ಬಂದದ್ದು ಆ ಪೈಲಟ್ ಬಾಯಿ ತೆರೆದು ನಿಂತ ಮುಖ. ನಾನು ನನ್ನನ್ನು ನಂಬುವುದಿಲ್ಲ, ಇದನ್ನು ನಂಬುತ್ತೇನೆ ಎಂದಿದ್ದರಲ್ಲ.

"ತೆರೀಬೇಕ್ರಿ," ಎಂದೆ ಸಾಹೇಬರಿಗೆ.

ಸಾಹೇಬರು ಅದಕ್ಕೇ ಕಾದಿದ್ದವರಂತೆ ಎದ್ದರು. "ಮುಚ್ಚಿದಾಂವಾ ನಾನು. ತೆರ್ಯಾಂವನೂ ನಾನ." ಇಕ್ಕಳ ತೆಗೆದುಕೊಂಡು ಒಂದೊಂದೇ ಸೀಸದ ಮುದ್ರೆ ಕತ್ತರಿಸಿದರು. ಕತ್ತರಿಸಿದಾಗೆಲ್ಲ ಟಕ್ ಎನ್ನುತ್ತಿತ್ತು. ಯಜಮಾನರು ಕಿಟಕಿಯ ಕಡೆ ತಿರುಗಿ ನಿಂತರು.

ಬ್ಲೋವರಿನ ನಾಳ ಬಿಚ್ಚಿ ತೊಳೆದೆವು, ಜಾಳಿಗೆ ಬದಲಿಸಿದೆವು, ಕೋಣೆಯನ್ನು ಅಂಗುಲ ಅಂಗುಲ ಒರೆಸಿದೆವು. ಬೇರಿಂಗುಗಳನ್ನು ದ್ರಾವಣದಲ್ಲಿ ಅದ್ದಿ, ಒಲೆಯಲ್ಲಿ ಬಿಸಿ ಮಾಡಿ, ಒಂದೊಂದರ ಮೇಲೂ ಹನಿ ಇಟ್ಟು ನೋಡುತ್ತಿದ್ದೆವು. ಹರಡಿತೇ? ಮುಂದಕ್ಕೆ. ಗುಂಡಗೆ ನಿಂತಿತೇ? ಮತ್ತೆ ತೊಳೆ. ಆಮೇಲೆ ಎಲ್ಲವನ್ನೂ ಮೇಡಂ ಎಣ್ಣೆಯಲ್ಲೇ ಜೋಡಿಸಿದೆವು. ಚಕ್ರಗಳು ಸುತ್ತಿದವು. ತಂಬೂರಿ ಕೇಳಿದಾಗ ಮೇಡಂ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಸಮಿತಿ ಮಾತ್ರ ಮತ್ತೆ ಇಲ್ಲ ಎಂದಿತು. ವರ್ಷಗಟ್ಟಲೆ ಓಡಿಸಿ ತೋರಿಸಿದ ಮೇಲೆ ನೋಡೋಣ ಎಂದಿತು. ನಾನು ಸಿಟ್ಟಿನಿಂದ ಏನೋ ಅಂದೆ. ಸಾಹೇಬರು ತಡೆದರು.

"ಅವರ ತಪ್ಪಿಲ್ರಿ. ಅವರು ಕಣ್ಣಿಲೆ ನೋಡಿಲ್ಲ, ಅದಕ್ಕ ಇಲ್ಲ ಅಂದ್ರು. ನೋಡದ ಹೂಂ ಅಂದಿದ್ರ ನಾ ಹೆದರ್ತಿದ್ದೆ. ನಾ ನೋಡೀನಿ. ಕಾಯಂ ಅನುಮತಿ ಕೊಡೋ ಅಧಿಕಾರ ನನಗಿಲ್ಲ. ಇಷ್ಟ ತಾಸು ಹಾರಿಸಿ, ಕಳಚಿ, ತಿರುಗಿ ತಂದು ತೋರಸ್ರಿ ಅನ್ನೋ ಅಧಿಕಾರ ಐತಿ. ಅದನ್ನ ಯಾರೂ ಬಳಸಂಗಿಲ್ಲ, ಯಾಕಂದ್ರ ಅದರಾಗ ಸಮಿತಿ ಹೆಸರಿರಂಗಿಲ್ಲ, ಒಬ್ಬನ ಹೆಸರಿರತೈತಿ."

"ನಿಮಗ ನಿವೃತ್ತಿ ಹತ್ರ ಐತ್ರಿ ಸಾಹೇಬ್ರ," ಎಂದೆ. ಒಂದು ಹೆಲಿಕಾಪ್ಟರ್ ಬಿದ್ದರೆ ವಿಚಾರಣೆ ಮೊದಲು ಹುಡುಕುವುದು ಆ ಹೆಸರನ್ನೇ. ಅದು ಇಬ್ಬರಿಗೂ ಗೊತ್ತಿತ್ತು.

"ಹೌದು. ಅದಕ್ಕ ತಾಸು ಕಡಿಮಿ ಬರದೀನಿ," ಎಂದು ನಕ್ಕರು. ಸಹಿ ಹಾಕಿದ ಮೇಲೆ ಪೆನ್ನಿನ ಟೋಪಿ ಹುಡುಕಲು ಬಹಳ ಹೊತ್ತು ಬೇಕಾಯಿತು.

ರಸ್ತೆ ಮುಚ್ಚುವ ಮೊದಲೇ ಪೆಟ್ಟಿಗೆಗಳು ಹೋದವು.

ಈಗ ಒಂದು ತಮಾಷೆ ಕೇಳಿ. ನಾವು ನಮ್ಮದೇ ಎಣ್ಣೆ ಹಾಕಿ ಕಳಿಸಿದ ಸುದ್ದಿ ಅದು ಹೇಗೆ ಗಾಳಿ ಹಿಡಿದು ಹೋಯಿತೋ, ಪರದೇಶದ ಕಂಪನಿಯಿಂದ ಇಮೇಲ್ ಬಂತು. ಈ ಸಲ ಮನುಷ್ಯರ ಹೆಸರಿತ್ತು, ನಮಸ್ಕಾರವಿತ್ತು. ಪರವಾನಗಿ ದೊರೆತಿದೆ, ಎಷ್ಟು ಬೇಕು ತಿಳಿಸಿ! ಯಜಮಾನರು ಉರಿದುಬಿದ್ದು, ಬೇಡವೆಂದು ಬರೆಯಲು ಹೊರಟರು. ಸಾಹೇಬರು ಬೇಡವೆನ್ನಬೇಡಿ ಎಂದರು.

"ತಗೋರಿ. ಅವರ್ದೂ ಇರ್ಲಿ, ನಮ್ದೂ ಇರ್ಲಿ. ಯಜಮಾನ್ರ, ನನಗ ಆ ಕಂಪನಿಗಿಂತ ಹೆಚ್ಚಿಗೆ ಹೆದರಿಕಿ ಹಚ್ಚಿದ್ದು ಏನು ಗೊತ್ತೇನ್ರಿ? ಮೇಸ್ತ್ರಿ ಬಟ್ಟಲು. ಇಡೀ ದೇಶದಾಗ ಈ ಕೆಲಸಾ ಮಾಡಾಕ ನಿಮ್ಮದೊಂದ ಕೋಣಿ. ಒಂದ್ ಹಿಡಿ ಲೋಬಾನಕ್ಕ ಹಿಮಾಲಯದ ಹೆಲಿಕಾಪ್ಟರ್ ನಿಲ್ಲೂದಿತ್ತು. ಇನ್ನೊಂದು ಕಾರ್ಖಾನಿಗೆ ನೀವ ಕಲಿಸಿಕೊಡ್ರಿ."

ಯಜಮಾನರ ಮುಖ ಸಣ್ಣದಾಯಿತು. ದೇಶದಲ್ಲಿ ಇದನ್ನು ಮಾಡುವವರು ನಾವೊಬ್ಬರೇ ಎಂದು ಅವರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು; ನಾವೂ ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದೆವು. ಅದು ಹೆಮ್ಮೆಯಷ್ಟೇ ಅಲ್ಲ, ಅವರ ಅನ್ನ. ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಗೌನು ಕಟ್ಟಿಕೊಳ್ಳುತ್ತಿದ್ದ ನನ್ನ ಬಳಿ ಬಂದು, "ವಾಳ್ಳನಿ ರಮ್ಮನಮ್ಮಾ," ಅವರನ್ನು ಬರಹೇಳಮ್ಮಾ, ಎಂದಷ್ಟೇ ಹೇಳಿ ಹೋದರು. ಹಾಗೆ ಬೆಳಗಾವಿಯ ಕಡೆಯ ಕಾರ್ಖಾನೆಯಿಂದ ಒಬ್ಬ ಹೆಣ್ಣುಮಗಳು ಕೆಲಸ ಕಲಿಯಲು ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಳು.

ಬರೆದ ತಾಸುಗಳು ಮುಗಿದ ಮೇಲೆ ಪೈಲಟ್ ಮೊದಲ ಉಪಕರಣವನ್ನು ತಾವೇ ಕೈಯಲ್ಲಿ ಹಿಡಿದು ತಂದರು. ಮೇಲೆ ಹೇಗೆ ನಡೆಯಿತು ಎಂದು ಕೇಳಿದೆ. ಮೋಡದಲ್ಲಿ ಒಂದು ಸಲ ಹೋಗಬೇಕಾಯಿತು, ಒಬ್ಬನನ್ನು ತರುವುದಿತ್ತು, ತಂದೆವು ಎಂದರು. ಅಷ್ಟೇ. ಆದರೆ ತಾಸು ಮುಗಿಯದ ಉಳಿದ ಉಪಕರಣಗಳು ಇನ್ನೂ ಮೇಲೆಯೇ ಹಾರುತ್ತಿದ್ದವು, ಅವರ ಜೊತೆಯವರು ಅವುಗಳನ್ನು ನಂಬಿಕೊಂಡು ಹಾರುತ್ತಿದ್ದರು. ಕುರ್ಚಿ ತೋರಿಸಿದರೂ ಕೂರದೆ ಗಾಜಿನ ಬಾಗಿಲ ಆಚೆ ನಿಂತರು.

ನಾನು ಉಪಕರಣ ಬಿಚ್ಚಿದೆ. ಬೇರಿಂಗನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗುವಷ್ಟರಲ್ಲಿ ಸಾಹೇಬರು ಕೈ ಅಡ್ಡ ಹಿಡಿದರು.

"ನೀವ್ ಬ್ಯಾಡ್ರಿ. ನಿಮ್ಮ ಕಣ್ಣಿಗಿ ಆಸೆ ಐತಿ. ನನ್ನ ಕಣ್ಣಿಗೂ ಐತಿ. ಮೇಡಂ ಅಂತೂ ಬ್ಯಾಡಾ ಬ್ಯಾಡ. ಈ ಬೆಳಗಾವಿಯಾಕಿ ನೋಡ್ಲಿ."

ಬೆಳಗಾವಿಯ ಹುಡುಗಿ ಗಾಬರಿಯಾಗಿ ನನ್ನ ಮುಖ ನೋಡಿ, ಆಮೇಲೆ ಬಗ್ಗಿದಳು. ಉಂಗುರವನ್ನು ಚೂರು ಚೂರೇ ತಿರುಗಿಸಿ ನೋಡಿದಳು. ಪೂರ್ತಿ ಸುತ್ತು ತಿರುಗಿಸಿ, ಮತ್ತೊಮ್ಮೆ ತಿರುಗಿಸಿದಳು. ಮೇಡಂ ಅವರ ಬೆರಳು ನನ್ನ ತೋಳಿನಲ್ಲಿ ಊರಿತ್ತು.

"ಅಕ್ಕಾರ, ಗೆರಿ ಗಾಯ ಏನೂ ಇಲ್ರಿ," ಎಂದಳು. ಆಮೇಲೆ ಅನುಮಾನದಿಂದ, "ಆದ್ರ ಹನಿ ಎಲ್ಲೂ ಕಾಣವಲ್ದು. ಬರೀ ಎಲ್ಲಾ ಕಡೆ ಮಿಂಚಾಕತ್ತೈತಿ. ಹಿಂಗ ಇರಬೇಕೇನ್ರಿ?"

ಸಾಹೇಬರು ಹಾರಾಟಕ್ಕೆ ಇನ್ನೊಂದಷ್ಟು ತಾಸು ಬರೆದರು. ಗಾಜಿನಾಚೆ ಪೈಲಟ್ ಆಗ ಕುರ್ಚಿ ಎಳೆದುಕೊಂಡು ಕುಳಿತರು.